ಕಪಾಟಿಗೆ ಸಮುದ್ರ ತೋರಿಸಿದ ಕಥೆ

"ಎಲ್ಲ ಸೇರಿ 9,000 ಕೊಡ್ತೇನೆ ಸಾರ್. ಹೊರುವುದು, ಸಾಗಿಸುವುದು ನನಗಿರಲಿ. ನೀವು ಬಾಗಿಲು ತೆಗೆದುಕೊಟ್ರೆ ಸಾಕು" ಎಂದರು ಗುಜರಿಯವರು, ಅಂಗಳದಲ್ಲಿ ನಿಂತು. ನಾನು ನಕ್ಕು ಕಳಿಸಿಬಿಟ್ಟೆ. ಆ ನಗು ಎಷ್ಟು ದುಬಾರಿಯದೆಂದು ತಿಳಿಯಲು ನಾಲ್ಕು ತಿಂಗಳು ಹಿಡಿಯಿತು.

2022ರ ಏಪ್ರಿಲ್ ಅದು. ಕಾರ್ಕಳ ತಾಲೂಕಿನ ನಮ್ಮ ಹಳೆಯ ಮನೆ ಮಾರಾಟವಾಗಿತ್ತು. ಅಮ್ಮ ತೀರಿಕೊಂಡ ಮೇಲೆ ಅಲ್ಲಿ ದೀಪ ಹಚ್ಚುವವರಿರಲಿಲ್ಲ. ನಾನಿರುವುದು ಮಣಿಪಾಲದ ಫ್ಲ್ಯಾಟಿನಲ್ಲಿ, ಅಕ್ಕ ಕಾಪುವಿನ ಗಂಡನ ಮನೆಯಲ್ಲಿ. ಕೊಂಡುಕೊಂಡವರು "ಆಟಿ ತಿಂಗಳು ಮುಗಿಯುವುದರೊಳಗೆ ಖಾಲಿ ಮಾಡಿಕೊಡಿ" ಎಂದಿದ್ದರು. ಸಾಮಾನು ವಿಲೇವಾರಿ ನನ್ನ ತಲೆಗೆ ಬಂತು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕೂತು ಬೇರೆಯವರ ಲೆಕ್ಕ ನೋಡಿದವನಿಗೆ ಇದೇನು ಮಹಾ? ಒಂದು ನೋಟ್ ಪುಸ್ತಕ ತೆಗೆದು ನಡುವೆ ಗೆರೆ ಎಳೆದೆ. ಎಡಕ್ಕೆ 'ಬಂದದ್ದು', ಬಲಕ್ಕೆ 'ಹೋದದ್ದು'.

ಆಸೆ ಹತ್ತಿಸಿದ್ದು ಅಪ್ಪನ ಎಚ್‌ಎಂಟಿ ಜನತಾ ವಾಚು. ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಆ ವಾಚು ಕಾರ್ಖಾನೆ ನಮ್ಮ ತಲೆಮಾರಿನ ಎಲ್ಲ ಮದುವೆಗಳಿಗೂ ಕೈಗಡಿಯಾರ ಕೊಟ್ಟಿತು. 2016ರಲ್ಲಿ ಕೇಂದ್ರ ಸಂಪುಟ ಅದನ್ನು ಮುಚ್ಚಲು ಒಪ್ಪಿಗೆ ಕೊಟ್ಟದ್ದೇ ತಡ, ಡ್ರಾಯರಿನಲ್ಲಿ ಬಿದ್ದಿದ್ದ ಹಳೆ ವಾಚುಗಳಿಗೆ ಸಂಗ್ರಾಹಕರು ಹುಟ್ಟಿಕೊಂಡರು. ಹಳೆ ಸಾಮಾನಿನ ಏಲಂ ನಡೆಯುವ ಒಂದು ವಾಟ್ಸಾಪ್ ಗುಂಪಿಗೆ ಗೆಳೆಯರೊಬ್ಬರು ನನ್ನನ್ನು ಸೇರಿಸಿದ್ದರು. ಭಾನುವಾರ ರಾತ್ರಿ ಒಂಬತ್ತಕ್ಕೆ ಫೋಟೊ ಹಾಕಿದೆ. ಹತ್ತಕ್ಕೆ ವಾಚು 2,300 ರೂಪಾಯಿಗೆ ಹೋಗಿತ್ತು. ಆ ಒಂದು ಗಂಟೆ ನಾನು ಫೋನಿನಿಂದ ಕಣ್ಣು ಕೀಳಲಿಲ್ಲ. ಹೆಂಡತಿ ಎರಡು ಸಲ ಊಟಕ್ಕೆ ಕರೆದದ್ದು ಕೇಳಿಸಲೇ ಇಲ್ಲವಂತೆ.

ಅಮೆರಿಕದ ಆನ್‌ಲೈನ್ ಏಲಂ ತಾಣ ಇಬೇ ಹುಟ್ಟಿದ ಕಥೆ ನಿಮಗೂ ಗೊತ್ತಿದ್ದೀತು. 1995ರಲ್ಲಿ ಅದರ ಸ್ಥಾಪಕ ಪರೀಕ್ಷೆಗೆಂದು ಏಲಂಗಿಟ್ಟ ಕೆಟ್ಟ ಲೇಸರ್ ಪಾಯಿಂಟರ್ 14 ಡಾಲರ್ 83 ಸೆಂಟಿಗೆ ಮಾರಾಟವಾಯಿತು. ಕೆಟ್ಟದ್ದಕ್ಕೇ ಅಷ್ಟಾದರೆ ನಮ್ಮ ಮನೆಯ ಗಟ್ಟಿಮುಟ್ಟಾದ ಸಾಮಾನಿಗೆ ಎಷ್ಟು? ನಾನು ಕೂತಲ್ಲೇ ಮನಸ್ಸಿನಲ್ಲಿ ನಲವತ್ತು ಸಾವಿರ ಎಣಿಸಿಟ್ಟೆ.

ಏಲಂ ಎಂದರೇನೆಂದು ತಿಳಿಯದ ಊರಿನವನೇನೂ ಅಲ್ಲ ನಾನು. ಮಲ್ಪೆ ಬಂದರಿನಲ್ಲಿ ಬೆಳಿಗ್ಗೆ ಮೀನಿನ ರಾಶಿಯ ಸುತ್ತ ನಿಂತವರನ್ನು ನೋಡಿ. ಕಿವಿರು ಎತ್ತಿ ನೋಡುತ್ತಾರೆ, ಕೂಗುತ್ತಾರೆ, ಹಣ ಕೊಟ್ಟು ಎತ್ತಿಕೊಂಡು ಹೋಗುತ್ತಾರೆ. ಊರ ಉತ್ಸವದಲ್ಲಿ ದೇವರ ಮುಂದಿಟ್ಟ ತೆಂಗಿನಕಾಯಿ ಏಲಂ ಆಗುವಾಗ ಅದರ ರೇಟು ಸಂತೆಯ ರೇಟನ್ನು ಎಲ್ಲೋ ಹಿಂದೆ ಹಾಕಿರುತ್ತದೆ. ಅಲ್ಲಿ ಭಕ್ತಿಯೂ ಉಂಟು, ಎದುರಿಗೆ ಕೂತ ನೆರೆಮನೆಯವನೂ ಇದ್ದಾನೆ. ಎರಡೂ ಕಡೆ ನಡೆಯುವುದು ಒಂದೇ: ಬೆಲೆ ಕಟ್ಟುವವನು ಗೆದ್ದವನಲ್ಲ, ಸೋತವನು. ಕೊನೆಗೆ ಕೈಬಿಟ್ಟವನು ಎಲ್ಲಿ ನಿಂತನೋ ಅಲ್ಲಿಂದ ಒಂದು ಮೆಟ್ಟಿಲು ಮೇಲೆ ವ್ಯಾಪಾರ ಕುದುರುತ್ತದೆ. ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞ 1961ರಲ್ಲಿ ಇದನ್ನೇ ಗಣಿತದಲ್ಲಿ ಬಿಡಿಸಿ ತೋರಿಸಿದರು. 1996ರಲ್ಲಿ ಅವರಿಗೆ ನೊಬೆಲ್ ಘೋಷಣೆಯಾಯಿತು. ನಿಮ್ಮ ವಸ್ತು ಎಷ್ಟೇ ಚೆಂದವಿರಲಿ, ಅದು ಬೇಕೇ ಬೇಕು ಎನ್ನುವವರು ಇಬ್ಬರಿಲ್ಲದಿದ್ದರೆ ಏಲಂ ಎದ್ದು ನಿಲ್ಲುವುದಿಲ್ಲ. ವಾಚಿಗೆ ಆರು ಜನ ಇದ್ದರು. ಹಂಡೆಗೆ?

ಬಚ್ಚಲಿನ ತಾಮ್ರದ ಹಂಡೆ. ತಳವೆಲ್ಲ ಮಸಿ. ಹುಣಸೆಹುಳಿ, ಬೂದಿ ಹಾಕಿ ಎರಡು ಗಂಟೆ ತಿಕ್ಕಿದೆ. ಉಗುರಿನ ಸಂದಿಯ ಕಪ್ಪು ಒಂದು ವಾರ ಹೋಗಲಿಲ್ಲ. ಹಂಡೆ ಮಾತ್ರ ಅಂಗಳದ ಬಿಸಿಲಿಗೆ ಹೊಸ ಮದುಮಗಳ ಹಾಗೆ ಹೊಳೆಯಿತು. ಆ ಹುರುಪಿನಲ್ಲಿ "150 ವರ್ಷ ಹಳೆಯದು" ಎಂದು ಬರೆದೆ. ಸುಳ್ಳು. ಅಜ್ಜಿ ಅದರಲ್ಲಿ ನೀರು ಕಾಯಿಸುತ್ತಿದ್ದರು ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ವಿದೇಶದಿಂದ ಒಬ್ಬರು ವಿಚಾರಿಸಿದಾಗ ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ ಬೈದರು: "ಎಂತ ಮಾರಾಯ್ರೆ ಬರ್ದದ್ದು ನೀವು? 1972ರ ಪುರಾತನ ವಸ್ತುಗಳ ಕಾಯ್ದೆ ಉಂಟು. ನೂರು ವರ್ಷ ದಾಟಿದ ಚಾರಿತ್ರಿಕ ವಸ್ತುವನ್ನು ನಾವು ನೀವು ದೇಶದ ಹೊರಗೆ ಕಳಿಸುವ ಹಾಗಿಲ್ಲ. ಹಳತು ಅಂದ್ರೆ ಕಾನೂನು, ಹೊಸತು ಅಂದ್ರೆ ಸುಳ್ಳು. ಯಾವುದು ಬೇಕು?" ಬರೆದದ್ದನ್ನು ಅಳಿಸಿದೆ. ಅದರೊಂದಿಗೆ ಗಿರಾಕಿಗಳೂ ಅಳಿಸಿಹೋದರು.

ಜನ ಬರಲಿ ಎಂದು ಕೂಗನ್ನು ಒಂದು ರೂಪಾಯಿಯಿಂದ ಶುರುಮಾಡಿದ್ದೆ, 'ಸಾಗಣೆ ಉಚಿತ' ಎಂದೂ ಹಾಕಿದ್ದೆ. 2,600ಕ್ಕೆ ನಿಂತಿತು. ಕೊಟ್ಟ ಮಾತು, ಹಿಂದೆಗೆಯುವ ಹಾಗಿಲ್ಲ. ಹಂಡೆಯ ತೂಕ ಆರೂವರೆ ಕಿಲೊ, ಆದರೆ ಕೊರಿಯರಿನವರು ಅದನ್ನು ತೂಗಲೇ ಇಲ್ಲ, ಪೆಟ್ಟಿಗೆಗೆ ಟೇಪು ಹಿಡಿದರು. ಉದ್ದ 45, ಅಗಲ 45, ಎತ್ತರ 50 ಸೆಂಟಿಮೀಟರು. ಗುಣಿಸಿ 5000ದಿಂದ ಭಾಗಿಸಿದರೆ 20.25 ಕಿಲೊ. ಹಂಡೆಯೊಳಗಿನ ಗಾಳಿಗೂ ನಾನೇ ಬಾಡಿಗೆ ಕೊಡಬೇಕು! ಒಟ್ಟು 1,050 ರೂಪಾಯಿ. ಪ್ಯಾಕಿಂಗಿಗೆ 180, ಗುಂಪು ನಡೆಸುವವರಿಗೆ ನೂರಕ್ಕೆ ಹತ್ತರಂತೆ 260. ನನಗೆ ಉಳಿದದ್ದು 1,110. ಏಪ್ರಿಲ್‌ನಲ್ಲಿ ಗುಜರಿಯವರು ತಾಮ್ರಕ್ಕೆ ಕಿಲೊಗೆ 500 ಹೇಳಿದ್ದರು. ಹಂಡೆಯೊಂದಕ್ಕೇ 3,250 ಆಗುತ್ತಿತ್ತು, ಅದೂ ಮನೆ ಬಾಗಿಲಲ್ಲಿ.

ಆ ವಾರ ಮನಸ್ಸು ಸರಿಯಿಲ್ಲದೆ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಹೋದೆ. ಅದನ್ನು ಕಟ್ಟಿದ ವಿಜಯನಾಥ ಶೆಣೈ ಅವರೂ ಬ್ಯಾಂಕಿನಲ್ಲಿದ್ದವರೇ. ಜನ ಕೆಡವಿ ಕಟ್ಟಿಗೆಗೆ ಹಾಕುತ್ತಿದ್ದ ಮನೆಗಳನ್ನು ತೊಲೆ ತೊಲೆಯಾಗಿ ಬಿಚ್ಚಿ ತಂದು ನಿಲ್ಲಿಸಿದರು. ಕುಂಜೂರಿನ ಚೌಕಿಮನೆ, ನಮ್ಮ ಕಾರ್ಕಳ ಕಡೆಯ ಮೀಯಾರಿನ ಮನೆ ಎಲ್ಲ ಅಲ್ಲಿವೆ. 2017ರಲ್ಲಿ ಅವರು ತೀರಿಕೊಂಡರು. ಅಲ್ಲಿನ ಪಾತ್ರೆಗಳ ಸಾಲಿನ ಮುಂದೆ ನಿಂತಾಗ ನನಗೆ ನಾಚಿಕೆಯಾಯಿತು. ಅವರು ಒಂದು ವಸ್ತುವನ್ನು ಎತ್ತಿಕೊಳ್ಳುವ ಮೊದಲು ಅದು ಯಾವ ಮನೆಯದು, ಯಾವ ಕೆಲಸದ್ದು ಎಂದು ಕೇಳುತ್ತಿದ್ದಿರಬೇಕು. ನಾನು ಕೇಳಿದ್ದು ಎಷ್ಟಕ್ಕೆ ಹೋದೀತು ಎಂದು ಮಾತ್ರ.

ನಾಚಿಕೆಯಾಯಿತೇ ಹೊರತು ಬುದ್ಧಿ ಬರಲಿಲ್ಲ.

ಮಣಿಪಾಲದಲ್ಲೇ ಮಗನ ಓದುವ ಮೇಜು, ಕುರ್ಚಿ ಇದ್ದವು. ಮೇ ತಿಂಗಳಲ್ಲಿ 2,500ಕ್ಕೆ ಹಾಕಿದೆ. ಆ ಹೊತ್ತಿಗೆ ಕೋರ್ಸು ಮುಗಿಸಿ ಊರಿಗೆ ಹೊರಟ ಮಕ್ಕಳೆಲ್ಲ ಮೇಜು, ಹಾಸಿಗೆ, ಕೆಟಲ್, ಸ್ಕೂಟರ್ ಮಾರುತ್ತಿದ್ದರು. ಬಿಟ್ಟಿ ಕೊಟ್ಟರೂ ಒಯ್ಯುವವರಿಲ್ಲ. ಹೊಸ ಮಕ್ಕಳು ಬರುವ ತನಕ ಎರಡು ತಿಂಗಳು ಕಾದಿದ್ದರೆ ಅದೇ ಮೇಜಿಗೆ ಬೇಡಿಕೆ ಇರುತ್ತಿತ್ತು. ಸೈನ್ಯದಲ್ಲಿದ್ದೇನೆ ಎಂದ ಒಬ್ಬ, ಚೌಕಾಸಿ ಮಾಡದೆ ಒಪ್ಪಿ, "ಹಣ ಬರಲು ಇದನ್ನು ಸ್ಕ್ಯಾನ್ ಮಾಡಿ" ಎಂದು ಕ್ಯೂಆರ್ ಕೋಡ್ ಕಳಿಸಿದ. ಪಿನ್ ಒತ್ತುವ ಕೊನೆಯ ಗಳಿಗೆಯಲ್ಲಿ ಕೈ ನಿಂತಿತು. ಹಣ ಕೊಡಲು ಪಿನ್ ಬೇಕು, ಪಡೆಯಲು ಬೇಡ ಎಂದು ಗಿರಾಕಿಗಳಿಗೆ ಪಾಠ ಹೇಳಿದವನೇ ನಾನು. ಕೊನೆಗೆ ಮೇಜು ಕುರ್ಚಿ 700ಕ್ಕೆ ಹೋದವು. ಕಾಫಿ ಮಗ್ಗುಗಳನ್ನಿಟ್ಟುಕೊಂಡು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಜೊತೆಗಾರರು 1990ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ: ಮಗ್ಗು ಕೈಯಲ್ಲಿದ್ದವರು, ಕೊಳ್ಳುವವರು ಕೊಡಲು ಸಿದ್ಧರಿದ್ದದ್ದರ ಸುಮಾರು ಎರಡು ಪಟ್ಟು ಕೇಳಿದರಂತೆ. ನಾನು ಮೂರೂವರೆ ಪಟ್ಟು ಕೇಳಿದ್ದೆ.

ರೇಡಿಯೊದ ಕಥೆ ಮಳೆಗಾಲದ್ದು. ಮರದ ಪೆಟ್ಟಿಗೆಯ ವಾಲ್ವ್ ರೇಡಿಯೊ. ಅದಕ್ಕೆಂದು ಅಪ್ಪ ಅಂಚೆ ಕಚೇರಿಯಲ್ಲಿ ವರ್ಷವರ್ಷ ಲೈಸೆನ್ಸ್ ಕಟ್ಟುತ್ತಿದ್ದರು. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದಾಗ ನೆರೆಮನೆಯವರೆಲ್ಲ ನಮ್ಮ ಜಗಲಿಯಲ್ಲಿ ಕೂತಿದ್ದರು. ಏಲಂನಲ್ಲಿ 4,100 ಬಂತು. ಅಡುಗೆಮನೆಯ ನೆಲದಲ್ಲಿ ಕೂತು, ಬಬಲ್ ಶೀಟು ಸುತ್ತಿ, ಸಂದಿಗೆಲ್ಲ ಪೇಪರ್ ಉಂಡೆ ತುರುಕಿ, ಮೇಲೆ ಕೆಂಪು ಅಕ್ಷರದಲ್ಲಿ 'ಒಡೆಯುವ ವಸ್ತು' ಎಂದು ಬರೆದೆ. ಜುಲೈ ಮಳೆ ಆ ಅಕ್ಷರ ಓದಲಿಲ್ಲ. ರಟ್ಟು ನೆನೆದು ಮೆತ್ತಗಾಗಿ, ಊರೂರುಗಳ ಹೆಸರಿದ್ದ ಡಯಲಿನ ಗಾಜು ಎರಡು ಹೋಳಾಗಿ, ಪೆಟ್ಟಿಗೆ ಹದಿನೆಂಟನೆಯ ದಿನ ನನ್ನ ಬಾಗಿಲಿಗೇ ವಾಪಸು ಬಂತು. ಹಣ ಹಿಂದಿರುಗಿಸಿದೆ. ಹೋಗಿಬರುವ ಎರಡೂ ಬಾಡಿಗೆ ನನ್ನದು, ಕಮಿಷನ್ ವಾಪಸಿಲ್ಲ.

ಏಲಂಗೆ ಹಾಕಿದ ಕೊನೆಯ ಸಾಮಾನು ಕಪಾಟು. "ಕಬ್ಬಿಣದ ಕಪಾಟು, ಎರಡು ಬಾಗಿಲು, ಕನ್ನಡಿ ಉಂಟು. ಬೀಗದಕೈ ಒಂದೇ, ಇನ್ನೊಂದು ಕಳೆದುಹೋಗಿದೆ" ಎಂದು ಬರೆದೆ. ಕಾಪುವಿನವರೊಬ್ಬರು 3,200ಕ್ಕೆ ಗೆದ್ದರು. ತಂದುಕೊಟ್ಟರೆ ಕೈಯಲ್ಲಿ ಹಣ, ಲೈಟ್‌ಹೌಸ್ ಹತ್ತಿರ ಬಂದು ಫೋನ್ ಮಾಡಿ ಎಂದರು. ಮುಂಗಡ ಕೇಳಲಿಲ್ಲ ನಾನು. ಮೂವತ್ತೈದು ವರ್ಷ ಜಾಮೀನಿಲ್ಲದೆ ಯಾರಿಗೂ ಒಂದು ರೂಪಾಯಿ ಸಾಲ ಕೊಡದ ಮನುಷ್ಯ!

ಆಗಸ್ಟಿನ ಒಂದು ಬೆಳಿಗ್ಗೆ ಇಬ್ಬರು ಹೊರುವವರನ್ನು ಹಿಡಿದು, ಕಪಾಟನ್ನು ಟೆಂಪೊಗೆ ಏರಿಸಿ, ಟರ್ಪಾಲು ಬಿಗಿದು ಹೊರಟೆವು. ನಿಟ್ಟೆ, ಬೆಳ್ಮಣ್ಣು, ಪಡುಬಿದ್ರಿ ದಾಟಿ ಹೆದ್ದಾರಿ ಹಿಡಿದು ಕಾಪು ತಲುಪಿ ಫೋನ್ ಮಾಡಿದರೆ ಸ್ವಿಚ್ ಆಫ್. ಅರ್ಧ ಗಂಟೆ ಬಿಟ್ಟು ಮಾಡಿದೆ. ಸ್ವಿಚ್ ಆಫ್. 1901ರಿಂದ ಬಂಡೆಯ ಮೇಲೆ ನಿಂತು ದಾರಿ ತೋರಿಸುತ್ತಿರುವ ದೀಪಸ್ತಂಭಕ್ಕೆ ನನ್ನಂಥವರಿಗೆ ತೋರಿಸುವ ದಾರಿ ಗೊತ್ತಿರಲಿಲ್ಲ. ಗಾಳಿಗೆ ಟರ್ಪಾಲು ಹಾರಿ ಕಪಾಟಿನ ಕನ್ನಡಿಯಲ್ಲಿ ಇಡೀ ಕಡಲು ಅಲ್ಲಾಡತೊಡಗಿತು. ಟೆಂಪೊದ ಹುಡುಗ ಬೀಡಿ ಹಚ್ಚಿ ಕೇಳಿದ: "ಎಂತ ಸಾರ್, ಕಪಾಟಿಗೆ ಸಮುದ್ರ ತೋರಿಸ್ಲಿಕ್ಕೆ ಕರ್ಕೊಂಡು ಬಂದದ್ದಾ?"

ವಾಪಸು ಒಯ್ದರೂ ಕೆಲವೇ ದಿನಗಳಲ್ಲಿ ಆ ಮನೆ ಬಿಟ್ಟುಕೊಡಬೇಕು. ಹತ್ತು ನಿಮಿಷದ ದಾರಿಯಲ್ಲಿ ಅಕ್ಕನ ಮನೆ. ಸ್ವಲ್ಪ ದಿನ ಇರಲಿ ಎಂದು ಹೇಳಿ ಇಳಿಸುವುದೆಂದುಕೊಂಡೆ. ಟೆಂಪೊ ಅಂಗಳಕ್ಕೆ ಬಂದಾಗ ಅಕ್ಕ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದಳು. ಕಪಾಟನ್ನು ಕಂಡು ಎದ್ದು ನಿಂತಳು. ನಾನು ಎಲ್ಲ ಹೇಳಿದೆ: ಏಲಂ, ಕಳೆದುಹೋಗಿದೆ ಎಂದು ಬರೆದ ಬೀಗದಕೈ, 3,200, ಸ್ವಿಚ್ ಆಫ್. ಅವಳು ಏನೂ ಅನ್ನದೆ ಒಳಗೆ ಹೋದಳು. ಬರುವಾಗ ಕೈಯಲ್ಲೊಂದು ಬೀಗದಕೈ, ಕಪ್ಪು ದಾರ ಕಟ್ಟಿದ್ದು. ಹಾಕಿ ತಿರುಗಿಸಿದಳು. ಬಾಗಿಲು ತೆರೆಯಿತು.

"ಮದುವೆಯಾಗಿ ಬರುವಾಗ ಅಪ್ಪ ಕೊಟ್ಟದ್ದು. ಈ ಮನೆಯಲ್ಲಿ ನಿನಗೂ ಒಂದು ಕೈ ಇರಲಿ ಅಂತ. ಕಳೆದುಹೋಗಿದೆ ಅಂತ ಬರೆದೆಯಂತಲ್ಲ, ಯಾರನ್ನು ಕೇಳಿ ಬರೆದದ್ದು?"

ನನ್ನಲ್ಲಿ ಉತ್ತರವಿರಲಿಲ್ಲ. ಮನೆ ಮಾರುವಾಗ ಅವಳ ಸಹಿ ಕೇಳಿದ್ದೆ, ಕಾನೂನು ಕೇಳುತ್ತದೆ. ಸಾಮಾನಿಗೆ ಸಹಿ ಬೇಡವಲ್ಲ, ಹಾಗಾಗಿ ಒಂದು ಮಾತೂ ಕೇಳಿರಲಿಲ್ಲ. ಹಂಡೆ ಎಲ್ಲಿ ಎಂದು ಆ ದಿನ ಅವಳು ವಿಚಾರಿಸಲಿಲ್ಲ. ವಿಚಾರಿಸಬಾರದೆಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ರಾತ್ರಿ ನೋಟ್ ಪುಸ್ತಕ ತೆಗೆದೆ. ಬಂದದ್ದು: ವಾಚು 2,300, ಹಂಡೆ 2,600, ಮೇಜು ಕುರ್ಚಿ 700, ಕುಕ್ಕರ್ ಮಿಕ್ಸಿಯಂಥ ಚಿಲ್ಲರೆ 1,150. ಒಟ್ಟು 6,750. ಹೋದದ್ದು: ವಾಚಿನ ಅಂಚೆ, ಡಬ್ಬಿ 130, ಹಂಡೆಗೆ 1,230, ರೇಡಿಯೊಗೆ 1,700, ಕಪಾಟಿನ ಟೆಂಪೊ, ಹೊರುವ ಕೂಲಿ 2,800, ಚಿಲ್ಲರೆಯ ಸಾಗಣೆ 380, ಕಮಿಷನ್ 900. ಒಟ್ಟು 7,140. ನಾಲ್ಕು ತಿಂಗಳು ದುಡಿದು 390 ರೂಪಾಯಿ ನಷ್ಟ. ಕಾರ್ಕಳಕ್ಕೆ ಓಡಾಡಿದ ಪೆಟ್ರೋಲು, ಫೋಟೊ ತೆಗೆದ, ಉತ್ತರ ಬರೆದ, ಕಾದು ಕೂತ ಗಂಟೆಗಳು ಈ ಲೆಕ್ಕದಲ್ಲಿಲ್ಲ. ನನ್ನ ಸಮಯಕ್ಕೆ ಕೂಲಿ ಹಿಡಿಯದೆ ಲಾಭ ಎಣಿಸಿದ್ದೇ ಮೊದಲ ತಪ್ಪು. ಗುಜರಿಯವರು 9,000 ಹೇಳಿದಾಗ ಆ ಕೂಲಿಯನ್ನೆಲ್ಲ ಕಳೆದೇ ಹೇಳಿದ್ದರು. ಅವರಿಗೆ ಅವರ ಕೆಲಸದ ಬೆಲೆ ಗೊತ್ತಿತ್ತು.

ಈಗ ಯಾರಾದರೂ ಕೇಳಿದರೆ ಇಷ್ಟು ಹೇಳುತ್ತೇನೆ. ಚಿಕ್ಕದು, ಹಗುರದ್ದು, ಹಿಂದೆ ಬಿದ್ದು ಹುಡುಕುವವರಿರುವ ವಸ್ತುವಾದರೆ ಏಲಂಗೆ ಹಾಕಿ. ಲೋಹವಾದರೆ ಮೊದಲು ತೂಕದ ಬೆಲೆ ವಿಚಾರಿಸಿ, ಅದಕ್ಕಿಂತ ಕೆಳಗಿನಿಂದ ಕೂಗು ಶುರುಮಾಡಬೇಡಿ. ದೊಡ್ಡ ಸಾಮಾನನ್ನು ಬಂದು ಹೊತ್ತುಕೊಂಡು ಹೋಗುವವರಿಗೇ ಕೊಡಿ, ಮುಂಗಡ ತೆಗೆದುಕೊಳ್ಳಿ. ಇದೆಲ್ಲಕ್ಕಿಂತ ಮೊದಲು ಮನೆಯವರಿಗೆಲ್ಲ ಒಂದು ಫೋನ್ ಮಾಡಿ.

ಆಟಿಯ ಕೊನೆಯ ದಿನ ಗುಜರಿಯವರನ್ನೇ ಕರೆಸಿದೆ. ಒಡೆದ ರೇಡಿಯೊ ಒಂದನ್ನು ಬಿಟ್ಟು ಉಳಿದ ಸಾಮಾನನ್ನೆಲ್ಲ ತೂಗಿ 2,100 ಎಣಿಸಿ ಕೊಟ್ಟರು. ನಾನು ಏಪ್ರಿಲ್‌ನಲ್ಲಿ ನಕ್ಕದ್ದನ್ನು ಅವರು ನೆನಪಿಸಲಿಲ್ಲ. ಹೊರಡುವಾಗ ಖಾಲಿ ಕೋಣೆಯತ್ತ ನೋಡಿ, "ಆ ಕಪಾಟು ಎಷ್ಟಕ್ಕೆ ಹೋಯ್ತು ಸಾರ್?" ಎಂದರು.

"ಅಕ್ಕನ ಮನೆಗೆ ಹೋಯ್ತು" ಎಂದೆ.

"ಹಾಗಾದ್ರೆ ಒಳ್ಳೆ ರೇಟೇ ಸಿಕ್ಕಿತು" ಎಂದು ಗಾಡಿ ಸ್ಟಾರ್ಟ್ ಮಾಡಿದರು.