ಉದ್ದನೆಯ ಹಗ್ಗ

ಭಾವಿಗೆ ಹಗ್ಗ ಕೊಳ್ಳುವಾಗ ನಮ್ಮ ಹಿರಿಯರು ಯಾರ ಸಲಹೆಯನ್ನೂ ಕೇಳುತ್ತಿರಲಿಲ್ಲ. ಸಂತೆಗೆ ಹೋಗುವುದು, ಹುರಿಯನ್ನು ಎರಡು ಬೆರಳುಗಳ ನಡುವೆ ಹೊಸೆದು ನೋಡುವುದು, ಒಂದು ಸಲ ಬಲವಾಗಿ ಜಗ್ಗುವುದು, ಹೇಳಿದ ಬೆಲೆಯ ಅರ್ಧಕ್ಕೆ ಕೇಳುವುದು. ಇಷ್ಟರಲ್ಲಿ ವ್ಯಾಪಾರ ಮುಗಿಯುತ್ತಿತ್ತು. ನಾನೂ ಆ ಪರಂಪರೆಯವನೇ. ನನ್ನ ಕಾಲಕ್ಕೆ ಹಗ್ಗದ ಬದಲು ತಂತಿ ಬಂತು ಎಂಬುದಷ್ಟೇ ವ್ಯತ್ಯಾಸ. ಮೊದಲು ಮನೆಮನೆಗೆ ವೈರಿಂಗ್ ಮಾಡಿಕೊಂಡು, ಆಮೇಲೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ವಿದ್ಯುತ್ ವಿಭಾಗದಲ್ಲಿ ದುಡಿದು, ತಂತಿಯನ್ನು ಹಿಡಿದ ಕೈಯಲ್ಲೇ ಅನ್ನ ತಿಂದವನು ನಾನು. ಕುರೆಕುಪ್ಪದ ನಮ್ಮ ಬೀದಿಯಲ್ಲಿ ಯಾರ ಮನೆಯ ದೀಪ ಮಿಣುಕಿದರೂ ‘ಕರೆಂಟಿನ ತಾತ’ನಿಗೇ ಕರೆ ಬರುತ್ತದೆ. ಇಂಥ ನಾನು ಮೊನ್ನೆ ಒಂದು ತಂತಿ ಕೊಳ್ಳುವುದರಲ್ಲಿ ಮೋಸ ಹೋದೆ. ಹೋಗಲಿ, ದುಡ್ಡಿನ ಮಾತು. ಆದರೆ ಆ ಸಿಟ್ಟನ್ನು ಒಬ್ಬ ಹುಡುಗನ ಮೇಲೆ ತೀರಿಸಿಕೊಂಡೆ. ಆ ಎರಡನೆಯ ಸಂಗತಿ ಇಲ್ಲದಿದ್ದರೆ ಈ ಬರಹ ಹುಟ್ಟುತ್ತಿರಲಿಲ್ಲ.

ಬೆಂಗಳೂರಿನಲ್ಲಿರುವ ಮಗಳ ಮಗ ಬೇಸಗೆಯ ರಜೆಗೆ ಬರುವವನಿದ್ದ. ಹದಿನಾಲ್ಕು ವರ್ಷ. ಹಿಂದಿನ ವರ್ಷ ಬಂದವನು ನಾಲ್ಕೇ ದಿನಕ್ಕೆ, “ತಾತಾ, ಇಲ್ಲಿ ಏನೂ ಮಾಡೋಕೆ ಇಲ್ಲ” ಎಂದು ಹೊರಟು ನಿಂತಿದ್ದ. ಈ ಸಲ ಹಾಗಾಗಬಾರದೆಂದು ನಿವೃತ್ತಿಯ ಹಣದಲ್ಲಿ ದೊಡ್ಡದೊಂದು ಟಿವಿ ಕೊಂಡು ಗೋಡೆಗೆ ಹಾಕಿಸಿದೆ. ಅವನು ತನ್ನ ಆಟದ ಯಂತ್ರವನ್ನು, ಪ್ಲೇಸ್ಟೇಷನ್ ಎನ್ನುತ್ತಾರಲ್ಲ ಅದನ್ನು, ತರುತ್ತೇನೆಂದ. ಎರಡನ್ನೂ ಕೂಡಿಸುವುದಕ್ಕೆ ಎಚ್‌ಡಿಎಂಐ ಕೇಬಲ್ ಬೇಕು. ಯಂತ್ರದ ಡಬ್ಬಿಯಲ್ಲೇ ಒಂದು ಇದೆ, ಆದರೆ ಅದು ಗಿಡ್ಡ.

ಗಿಡ್ಡವಾದರೇನು, ಯಂತ್ರವನ್ನು ಟಿವಿಯ ಕೆಳಗೇ ಇಡಬಹುದಲ್ಲ ಎಂದು ಓದುಗರು ಕೇಳಿಯಾರು. ಟಿವಿಯ ಕೆಳಗೆ ಒಂದು ಮರದ ಬೀರು, ಬೀರುವಿನ ಮೇಲೆ ನಮ್ಮ ಮನೆಯಾಕೆಯ ಮಾವಿನಕಾಯಿ ಉಪ್ಪಿನಕಾಯಿಯ ಐದು ಜಾಡಿಗಳು. “ಆ ಯಂತ್ರ ಬಿಸಿಗಾಳಿ ಉಗುಳ್ತದಂತೆ. ನನ್ನ ಉಪ್ಪಿನಕಾಯಿ ಕೆಟ್ಟರೆ ಯಾರ್ರೀ ಜವಾಬ್ದಾರಿ?” ಎಂದಳು. ಜವಾಬ್ದಾರಿ ಹೊರುವ ಧೈರ್ಯ ನನಗಿರಲಿಲ್ಲ. ಎದುರು ಗೋಡೆಯ ಕಿಟಕಿಯ ಕಟ್ಟೆಯೇ ಯಂತ್ರಕ್ಕೆ ಸ್ಥಳವೆಂದು ತೀರ್ಮಾನವಾಯಿತು. ಗೋಡೆಯ ಗುಂಟ ದಾರ ಹಿಡಿದು ಅಳೆದೆ. ಎಂಟು ಮೀಟರ್. ಎರಡು ಮೀಟರ್ ಕೈಯಲ್ಲಿರಲಿ ಎಂದು ಹತ್ತು ಎಂದು ಬರೆದುಕೊಂಡೆ.

ಕೊಳ್ಳುವುದಕ್ಕೆ ಹೊಸಪೇಟೆಗೆ ಹೋದೆ. 2021ರವರೆಗೆ ಹೊಸಪೇಟೆ ನಮ್ಮ ಬಳ್ಳಾರಿ ಜಿಲ್ಲೆಯದೇ ಆಗಿತ್ತು. ಈಗ ಅದು ವಿಜಯನಗರ ಜಿಲ್ಲೆಯ ಕೇಂದ್ರ. ಸಂಡೂರು ತಾಲ್ಲೂಕಿನ ನಾವು ಬಳ್ಳಾರಿಯಲ್ಲೇ ಉಳಿದೆವು. ಆದ್ದರಿಂದ ತಂತಿಯೊಂದಕ್ಕಾಗಿ ಪರಜಿಲ್ಲೆಗೆ ಪ್ರಯಾಣ ಮಾಡಿದೆನೆಂದು ಹೇಳಿಕೊಳ್ಳುವ ಹಕ್ಕು ನನಗುಂಟು. ಬಸ್ಸಿನಲ್ಲಿದ್ದಾಗ ಮೊಮ್ಮಗ ಫೋನ್ ಮಾಡಿದ: “ತಾತಾ, ಡಬ್ಬಿ ಮೇಲೆ ಅಲ್ಟ್ರಾ ಹೈಸ್ಪೀಡ್ ಅಂತ ಚೀಟಿ ಇದೆಯಾ ನೋಡು. ಅದರಲ್ಲಿ ಕ್ಯೂಆರ್ ಕೋಡ್ ಇರುತ್ತೆ.” ನಾನು ನಕ್ಕೆ. ತಂತಿಯ ಗುಣವನ್ನು ಚೀಟಿ ಓದಿ ತಿಳಿಯುವ ಗತಿ ನನಗೆ ಬರಲಿಲ್ಲವೆಂದುಕೊಂಡೆ.

ಅಂಗಡಿಯವನು ಮನುಷ್ಯನ ಮುಖ ನೋಡಿ ಮಾಲು ತೆಗೆಯುವ ಪೈಕಿ. ಹೆಬ್ಬೆರಳು ದಪ್ಪದ, ಮೇಲೆ ನೂಲಿನ ಹೆಣಿಗೆಯಿದ್ದ, ತುದಿ ಹಳದಿಯಾಗಿ ಹೊಳೆಯುವ ಒಂದು ಸುರುಳಿಯನ್ನು ನನ್ನ ಕೈಗಿಟ್ಟ. “ಯಜಮಾನ್ರೇ, ಚಿನ್ನದ ಲೇಪನ. 8ಕೆ. ಇದನ್ನ ಹಾಕಿದ್ರೆ ಬಣ್ಣಾನೇ ಬೇರೆ ಬರ್ತದೆ.” ನಾನು ತೂಗಿ ನೋಡಿದೆ, ಜಗ್ಗಿ ನೋಡಿದೆ. ಕಾರ್ಖಾನೆಯಲ್ಲಿ ನಾನು ಕಲಿತ ಶಾಸ್ತ್ರದ ಮೊದಲ ಸೂತ್ರ: ಹೊರೆ ಹೆಚ್ಚಿದರೆ ತಾಮ್ರ ದಪ್ಪವಿರಬೇಕು. ಈ ಸುರುಳಿ ಆ ಸೂತ್ರಕ್ಕೇ ಮೈ ಬಂದಂತಿತ್ತು. 2,600 ರೂಪಾಯಿ ಕೊಟ್ಟು ತಂದೆ. ಪೈಪಿನೊಳಗೆ ತೂರಿಸಿ, ಗೋಡೆಯ ಗುಂಟ ಮೊಳೆ ಹೊಡೆದು, ಅಂದವಾಗಿ ಕೂಡಿಸಿದೆ. ಇಡೀ ಒಂದು ದಿನದ ಕೆಲಸ.

ಹುಡುಗ ಬಂದ. ಯಂತ್ರವನ್ನು ಹಚ್ಚಿದ. ಚಿತ್ರ ಬಂತು! ನಾನು ಮನೆಯಾಕೆಯ ಕಡೆ ನೋಡಿ ಮೀಸೆ ತಿರುವಿದೆ. ಆಟ ಮೊದಲಾಗಿ ಎರಡು ನಿಮಿಷವಾಗಿಲ್ಲ, ಪರದೆ ಕಪ್ಪಾಯಿತು. ಮತ್ತೆ ಬಂತು. ಬಿಳಿಯ ಚುಕ್ಕೆಗಳು ಕಾದ ಬಾಣಲೆಯ ಸಾಸಿವೆಯಂತೆ ಸಿಡಿದವು. ಮತ್ತೆ ಕಪ್ಪು. “ತಾತಾ, ಕೇಬಲ್ ಇರಬೇಕು” ಎಂದು ಅವನು ಮೆಲ್ಲಗೆ ಅಂದ. ಟಿವಿಯನ್ನು ಬೈದೆ, ವೋಲ್ಟೇಜನ್ನು ಬೈದೆ. ಮೂರನೆಯ ಸಲ ಕಪ್ಪಾದಾಗ ಬೈಯುವುದಕ್ಕೆ ಉಳಿದವನು ಅವನೊಬ್ಬನೇ. “ಹುಟ್ಟುವುದಕ್ಕೆ ಮುಂಚಿನಿಂದ ತಂತಿ ಎಳೆದಿದ್ದೇನೆ ನಾನು. ನೀನೇ ಏನೋ ಒತ್ತಿ ಕೆಡಿಸಿದ್ದೀಯೆ. ಸುಮ್ಮನೆ ಕೂತುಕೊಳ್ಳುವುದು ನಿಮ್ಮ ಜಾಯಮಾನದಲ್ಲೇ ಇಲ್ಲ!” ಅವನು ಎದುರು ಮಾತಾಡಲಿಲ್ಲ. ಯಂತ್ರವನ್ನು ಬಿಚ್ಚಿ, ತಂತಿ ಸುತ್ತಿ, ಚೀಲದೊಳಗಿಟ್ಟು, ಮಹಡಿಯ ಮೇಲೆ ಹೋಗಿ ಮಲಗಿದ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಐವತ್ತು ವರ್ಷದ ಹಿಂದಿನದೊಂದು ಸಂಜೆ ಎದ್ದು ಬಂತು.

1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಎಂಬ ಉಪಗ್ರಹದ ನೆರವಿನಿಂದ ನಮ್ಮ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಬರುತ್ತಿತ್ತು. ಕರ್ನಾಟಕದಲ್ಲಿ ಆ ಭಾಗ್ಯ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳದು, ಬಳ್ಳಾರಿಯ ನಮಗಿರಲಿಲ್ಲ. ನನ್ನ ಸೋದರಮಾವನ ಊರು ತುಂಗಭದ್ರೆಯ ಆಚೆ ದಡದಲ್ಲಿ. ಈಗ ಅದು ಕೊಪ್ಪಳ ಜಿಲ್ಲೆ, ಆಗ ರಾಯಚೂರಿನದು. ಅಲ್ಲಿಗೆ ಹೋದಾಗ ನೋಡಿದೆ: ಕೋಳಿಗೂಡಿಗೆ ಹಾಕುವಂಥ ತಂತಿಬಲೆಯ ದೊಡ್ಡ ಬೋಗುಣಿಯೊಂದು ಆಕಾಶಕ್ಕೆ ಮುಖ ಮಾಡಿ ನಿಂತಿತ್ತು, ಅದರಿಂದ ಒಂದು ತಂತಿ ಇಳಿದು ಪೆಟ್ಟಿಗೆಗೆ ಹೋಗಿತ್ತು. ಊರಿಗೆ ಊರೇ ನೆಲದ ಮೇಲೆ ಕೂತಿತ್ತು. ನನಗೆ ಪೆಟ್ಟಿಗೆಗಿಂತ ತಂತಿಯ ಮೇಲೆ ಬೆರಗು. ಅಷ್ಟು ಸಣ್ಣದರಲ್ಲಿ ಮನುಷ್ಯರು ಹೇಗೆ ಇಳಿದು ಬರುತ್ತಾರೆಂದು ಅದರ ಪಕ್ಕದಲ್ಲೇ ಕೂತಿದ್ದೆ. ನಡುವೆ ಚಿತ್ರ ಹೋಯಿತು. ಹಿರಿಯರೊಬ್ಬರು ಎದ್ದು ಬಂದವರೇ ನನ್ನ ಕಿವಿ ಹಿಂಡಿ ಊರವರ ಎದುರಿಗೆ ಎಳೆದು ನಿಲ್ಲಿಸಿದರು. ನಾನು ತಂತಿಯನ್ನು ಮುಟ್ಟಿರಲಿಲ್ಲ. ಮುಟ್ಟಿರಲಿಲ್ಲ ಎಂದು ಈವರೆಗೆ ಯಾರಿಗೂ ಹೇಳಿರಲೂ ಇಲ್ಲ. ಹದಿಮೂರು ವರ್ಷದವನ ಆ ಕಿವಿ ಆ ರಾತ್ರಿ ಮತ್ತೆ ಕಾಯಿತು.

ಬೆಳಗ್ಗೆ ಎದ್ದು ಮಹಡಿ ಹತ್ತಿದೆ. ಹುಡುಗ ದೂರದ ಚಿಮಣಿಗಳನ್ನು ನೋಡುತ್ತ ನಿಂತಿದ್ದ. “ತಪ್ಪು ನನ್ನದಪ್ಪ” ಎಂದೆ. ಆ ಆರು ಅಕ್ಷರದ ಮಾತಿಗೆ ಎಷ್ಟು ದಪ್ಪದ ತಂತಿ ಬೇಕೆಂಬುದನ್ನು ಹೇಳಲಾರೆ. “ಆ ಚೀಟಿಯ ವಿಚಾರ ಏನು, ಹೇಳಿಕೊಡು.”

ಅವನು ಕಾಗದ ತೆಗೆದು ಲೆಕ್ಕ ಮಾಡಿದ. 4ಕೆ ಪರದೆಯಲ್ಲಿ ಅಡ್ಡಕ್ಕೆ 3,840, ಉದ್ದಕ್ಕೆ 2,160 ಚುಕ್ಕೆಗಳು. ಒಟ್ಟು ಸುಮಾರು 83 ಲಕ್ಷ. ಅವನ ಆಟದಲ್ಲಿ ಸೆಕೆಂಡಿಗೆ 120 ಚಿತ್ರ. ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ ನೂರು ಕೋಟಿ ಚುಕ್ಕೆ. ಒಂದೊಂದು ಚುಕ್ಕೆಯ ಬಣ್ಣಕ್ಕೆ 30 ಸೊನ್ನೆ-ಒಂದುಗಳು ಎಂದರೆ 3,000 ಕೋಟಿ. ನೂರು ಕೋಟಿಗೆ ಒಂದು ಗಿಗಾಬಿಟ್ ಎಂದು ಹೆಸರು. ಹಳೆಯ ಹೈಸ್ಪೀಡ್ ಕೇಬಲ್ ಹೊರುವುದು 10 ಗಿಗಾಬಿಟ್ ಚಿಲ್ಲರೆ, ಪ್ರೀಮಿಯಂ ಎಂಬುದು 18, ಅಲ್ಟ್ರಾ ಹೈಸ್ಪೀಡ್ 48. 2025ರಲ್ಲಿ 96ರದೂ ಪ್ರಕಟವಾಗಿದೆ, ಆದರೆ ನಮ್ಮಂಥ ಮನೆಗೆ ಅದರ ಅವಸರವಿಲ್ಲ. “ತಾತಾ, ಇದು ಕರೆಂಟ್ ಅಲ್ಲ, ಲೆಕ್ಕ” ಎಂದ.

ಅಲ್ಲಿ ನನ್ನ ಶಾಸ್ತ್ರ ಬಿದ್ದುಹೋಯಿತು. ಕಾರ್ಖಾನೆಯ ಮೋಟಾರಿಗೆ ಹೋಗುವ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದುಮುಂದಾಗುತ್ತದೆ. ಅಲ್ಲಿ ದಪ್ಪವೇ ದೊಡ್ಡಪ್ಪ. ಅಲ್ಟ್ರಾ ಕೇಬಲ್ಲಿನ ನಾಲ್ಕು ಜೋಡಿ ಎಳೆಗಳಲ್ಲಿ ಒಂದೊಂದರಲ್ಲೂ ಸೆಕೆಂಡಿಗೆ 1,200 ಕೋಟಿ ಸೊನ್ನೆ-ಒಂದುಗಳು ಓಡಬೇಕು. ಆ ಓಟದಲ್ಲಿ ಎಳೆಗಳ ಹೊಸೆತ ಒಂದೆಡೆ ಬಿಗಿ, ಒಂದೆಡೆ ಸಡಿಲವಾದರೂ ಸಂಕೇತ ಮುಗ್ಗರಿಸುತ್ತದೆ; ಉದ್ದ ಹೆಚ್ಚಿದಷ್ಟೂ ಸವೆಯುತ್ತದೆ. ಹಿಂದಿನ ಆಂಟೆನಾ ತಂತಿ ಸೋತರೆ ಚಿತ್ರ ಮಸುಕಾಗುತ್ತಿತ್ತು, ಒಳ್ಳೆಯದನ್ನು ಹಾಕಿದರೆ ಅಷ್ಟಷ್ಟು ತಿಳಿಯಾಗುತ್ತಿತ್ತು. ಈಗಿನದರಲ್ಲಿ ಲೆಕ್ಕ ಪೂರ್ತಿ ತಲುಪಿದರೆ ಅಗ್ಗದ ತಂತಿಯಲ್ಲೂ ಅದೇ ಚಿತ್ರ, ದುಬಾರಿಯದರಲ್ಲೂ ಅದೇ ಚಿತ್ರ. ತಲುಪದಿದ್ದರೆ ಸಾಸಿವೆ ಸಿಡಿತ, ಕತ್ತಲೆ. ಚಿನ್ನದ ಲೇಪನ ತುದಿಗೆ ಕಿಲುಬು ಹಿಡಿಯದಂತೆ ಕಾಯುತ್ತದೆಯೇ ಹೊರತು ಬಣ್ಣ ತರುವುದಿಲ್ಲ. ಸಂಶಯ ತೀರಲೆಂದು ನನ್ನ ಸುರುಳಿಯ ತುದಿಯನ್ನು ಕತ್ತರಿಸಿ ನೋಡಿದೆ. ಹೆಬ್ಬೆರಳು ದಪ್ಪದ ಕವಚದೊಳಗೆ ಕೂದಲೆಳೆಯಂಥ ತಂತಿಗಳು. ನಾನು ತೂಗಿದ್ದು ರಬ್ಬರನ್ನು.

ಅಷ್ಟರಲ್ಲಿ ಕೆಳಗೆ ಸದ್ದಾಯಿತು. ಇಳಿದು ಬಂದರೆ ಮನೆಯಾಕೆ ಉಪ್ಪಿನಕಾಯಿ ಜಾಡಿಗಳನ್ನು ಒಂದೊಂದಾಗಿ ಎತ್ತಿ ಅಡಿಗೆಮನೆಗೆ ಸಾಗಿಸುತ್ತಿದ್ದಳು. ಹುಡುಗ ರಾತ್ರಿ ಸರಿಯಾಗಿ ಉಂಡಿರಲಿಲ್ಲ. ಅವಳಿಗೆ ಲೆಕ್ಕ ಬೇಕಿರಲಿಲ್ಲ. ಖಾಲಿಯಾದ ಬೀರುವಿನ ಮೇಲೆ ಯಂತ್ರ ಕೂತಿತು. ಡಬ್ಬಿಯೊಡನೆ ಬಂದ ಗಿಡ್ಡ ಕೇಬಲ್ಲೇ ಸಾಕಾಯಿತು. ಆ ದಿನವಿಡೀ ಪರದೆ ಒಮ್ಮೆಯೂ ಕಣ್ಣು ಮಿಟುಕಿಸಲಿಲ್ಲ.

ಭಾವಿಯನ್ನು ಕೊಡದ ಹತ್ತಿರಕ್ಕೆ ತರಲಾಗದು, ಆದರೆ ಯಂತ್ರವನ್ನು ಟಿವಿಯ ಹತ್ತಿರಕ್ಕೆ ತರಬಹುದು. ಕೇಬಲ್ ಕೊಳ್ಳುವವರಿಗೆ ನನ್ನ ಮೊದಲ ಮಾತು ಇದೇ: ಅಂಗಡಿಗೆ ಹೋಗುವ ಮುಂಚೆ ಜಾಡಿಗಳನ್ನು ಸರಿಸಲಾದೀತೇ ನೋಡಿರಿ. ವಾರ್ತೆ, ಧಾರಾವಾಹಿ ನೋಡುವ ಮನೆಗೆ ಪೆಟ್ಟಿಗೆಯೊಡನೆ ಬಂದ ಕೇಬಲ್ ಧಾರಾಳ ಸಾಕು. ಆಟಕ್ಕೆ ಕೊಳ್ಳುವುದಾದರೆ ‘8ಕೆ’, ‘2.1’ ಎಂಬ ಅಚ್ಚನ್ನು ನಂಬಬೇಡಿ. ಅಂಕೆ ಯಂತ್ರಗಳದು, ಕೇಬಲ್ಲಿಗೆ ಅಲ್ಟ್ರಾ ಹೈಸ್ಪೀಡ್ ಎಂಬ ಹೆಸರೇ ಗುರುತು. ಡಬ್ಬಿಯ ಮೇಲಿನ ಆ ಚೀಟಿಯನ್ನು ಫೋನಿನಲ್ಲಿ ಪರೀಕ್ಷಿಸಿಯೇ ದುಡ್ಡು ಎಣಿಸಿರಿ. ಮೂರು ಮೀಟರಿನೊಳಗೆ ತೊಂದರೆ ಕಡಮೆ. ಐದು ದಾಟಿತೆಂದರೆ ಗಾಜಿನ ಎಳೆಯ ಕೇಬಲ್ಲೇ ಲೇಸು; ಆದರೆ ಅದಕ್ಕೆ ಹಿಂದು ಮುಂದು ಉಂಟು, ಯಾವ ತುದಿ ಟಿವಿಗೆ ಎಂದು ಬರೆದಿರುವುದನ್ನು ಓದಿ ಹಚ್ಚಬೇಕು. ಟಿವಿಯ ಎಲ್ಲ ಪೋರ್ಟುಗಳೂ ಸಮಾನವಲ್ಲ. ಎಷ್ಟೋ ಟಿವಿಗಳಲ್ಲಿ ಒಂದೆರಡಕ್ಕೆ ಮಾತ್ರ 120ರ ಶಕ್ತಿ. ಮನೆಯಲ್ಲಿ ಹುಡುಗರಿದ್ದರೆ ಅವರನ್ನೊಮ್ಮೆ ಕೇಳುವುದರಿಂದ ಮರ್ಯಾದೆ ಸವೆಯುವುದಿಲ್ಲ. ಇದು ನನ್ನ ಸ್ವಾನುಭವ.

ಮೊಮ್ಮಗ ಈ ಸಲ ಇಪ್ಪತ್ತಮೂರು ದಿನ ಇದ್ದ. ನನಗೂ ಒಂದು ಕಾರಿನ ಆಟ ಕಲಿಸಿದ. ನಾನು ಗೋಡೆಗೆ ಹೊಡೆಯದೆ ಮೂರು ಸುತ್ತು ಬಂದದ್ದು ಬೀದಿಗೆಲ್ಲ ಗೊತ್ತು. 2,600 ರೂಪಾಯಿಯ ಸುರುಳಿ ಈಗ ಹಿತ್ತಿಲಲ್ಲಿ ಎರಡು ಕಂಬಗಳ ನಡುವೆ ಇದೆ. ಒದ್ದೆ ಬಟ್ಟೆಯ ಭಾರಕ್ಕೆ ಅದು ಒಂದಿಷ್ಟೂ ಬಾಗುವುದಿಲ್ಲ. ನಾನು ಗುಣ ನೋಡಿ ತಂದ ವಸ್ತು ಪೂರ್ತಿ ವ್ಯರ್ಥವೇನೂ ಅಲ್ಲ.

ಹೊರಡುವ ದಿನ ಅವನು ಯಂತ್ರವನ್ನು ಚೀಲಕ್ಕೆ ಹಾಕಿಕೊಂಡ. ಕೇಬಲ್ಲನ್ನು ಮಾತ್ರ ಟಿವಿಯಲ್ಲೇ ಬಿಟ್ಟ. ಮರೆತನೆಂದು ನಾನು ಕೀಳಹೋದೆ. “ಬೇಡ ತಾತಾ, ಅಲ್ಲಿ ಇನ್ನೊಂದಿದೆ. ಇದು ಇಲ್ಲೇ ಇರಲಿ. ದಸರಾಕ್ಕೆ ಬರ್ತೀನಲ್ಲ” ಎಂದ.

ನಮ್ಮ ಸೀಮೆಯ ಕೆಂಪು ಧೂಳು ಯಾವ ಸಂದಿಯನ್ನೂ ಬಿಡುವುದಿಲ್ಲ. ಪ್ರತಿ ಭಾನುವಾರ ಆ ಕೇಬಲ್ಲಿನ ತೂಗುವ ತುದಿಯನ್ನು ಒಣಬಟ್ಟೆಯಿಂದ ಒರೆಸಿ ಮತ್ತೆ ಬೀರುವಿನ ಮೇಲೆ ಇಡುತ್ತೇನೆ. ಜಾಡಿಗಳು ಅಡಿಗೆಮನೆಯಲ್ಲೇ ಇವೆ.