ಚಾಪೆ ಹಾಸಿ ಮಲಗಿದ ಸಾಹಸಿ

ಕಥೆ ಹೇಳಲು ಕೂತರೆ ಮಕ್ಕಳಿಗೆ ಮೊಸಳೆ ಬೇಕು, ಬಂದೂಕು ಬೇಕು. ಅಂಥವರಿಗೇ ನಾನು ನಿಕೊಲಾಯ್ ಮಿಕ್ಲುಖೊ ಮಕ್ಲಾಯ್ ಎಂಬ ರಷ್ಯನ್ನನ ಕಥೆ ತೆಗೆಯುತ್ತೇನೆ. ಅವನ ದೊಡ್ಡ ಸಾಹಸವೆಂದರೆ ಒಂದು ಹಗಲುನಿದ್ದೆ.

1871ರ ಸೆಪ್ಟೆಂಬರಿನಲ್ಲಿ ‘ವಿತ್ಯಾಜ್’ ಹಡಗು 25 ವರ್ಷದ ಈ ತರುಣನನ್ನೂ ಇಬ್ಬರು ಆಳುಗಳನ್ನೂ ನ್ಯೂಗಿನಿ ದ್ವೀಪದ ಈಶಾನ್ಯ ದಡದಲ್ಲಿಳಿಸಿ, ಒಂದು ಗುಡಿಸಲು ಕಟ್ಟಿಕೊಟ್ಟು ಹೊರಟುಹೋಯಿತು. ಕೆಲವೇ ದಿನಕ್ಕೆ ಇವನು ಹತ್ತಿರದ ಹಳ್ಳಿಯೊಂದಕ್ಕೆ ಹೊರಟ. ಪಿಸ್ತೂಲನ್ನು ಬೇಕೆಂದೇ ಮನೆಯಲ್ಲಿಟ್ಟ. ಒಂದು ಗುಂಡು ಹಾರಿದರೆ ಸ್ನೇಹದ ಆಸೆ ಅಲ್ಲಿಗೇ ಮುಗಿಯಿತೆಂಬುದು ಅವನಿಗೆ ಗೊತ್ತಿತ್ತು. ಜೇಬಿನಲ್ಲಿ ನೋಟುಪುಸ್ತಕ, ಪೆನ್ಸಿಲು. ಹಳ್ಳಿಯ ಅಂಗಳದಲ್ಲಿ ಬಾಣಗಳು ಪಕ್ಕದಲ್ಲೇ ಹಾರಿದವು, ಈಟಿ ಮುಖದ ಹತ್ತಿರ ಬಂತು. ಮಾತನಾಡೋಣವೆಂದರೆ ಭಾಷೆಯಿಲ್ಲ, ನಡೆದು ನಡೆದು ಸುಸ್ತು ಬೇರೆ. ಅಲ್ಲಿದ್ದ ಚಾಪೆಯೊಂದನ್ನು ನೆರಳಿಗೆಳೆದು ಹಾಸಿದ. ಬೂಟಿನ ದಾರ ಬಿಚ್ಚಿದ, ಸೊಂಟದ ಪಟ್ಟಿ ಸಡಿಲಿಸಿದ, ಮಲಗಿದ.

“ನಿಜವಾಗ್ಲೂ ನಿದ್ದೆ ಬಂತಾ ದೊಡ್ಡಪ್ಪಾ?”

ಬಂತಂತೆ, ಎರಡು ಗಂಟೆಗೂ ಮೇಲೆ. ದಿನಚರಿಯಲ್ಲಿ ಅವನೇ ಬರೆದಿದ್ದಾನೆ. ಎದ್ದು ನೋಡಿದರೆ ಸುತ್ತ ಕೆಲವರು ಆಯುಧವಿಲ್ಲದೆ ಎಲೆಯಡಿಕೆ ಜಗಿಯುತ್ತ ಕೂತಿದ್ದರು. ಬಾಯಲ್ಲಿ ಅಡಿಕೆಯಿಟ್ಟುಕೊಂಡು ಹೊಡೆದಾಡಿದವರನ್ನು ನಾನು ಮಲೆನಾಡಿನ ಜಗಲಿಗಳಲ್ಲೂ ಕಂಡಿಲ್ಲ.

ಇಲ್ಲಿ ಎಲ್ಲರೂ ಮಕ್ಲಾಯ್‌ಗೆ ಶಹಬ್ಬಾಸ್ ಅನ್ನುತ್ತಾರೆ. ನನ್ನ ಒಲವು ಆ ಎಲೆಯಡಿಕೆಯವರ ಕಡೆಗೆ. ಕರೆಯದೆ ಬಂದವನೊಬ್ಬ ನಿಮ್ಮ ಅಂಗಳದಲ್ಲಿ, ನಿಮ್ಮದೇ ಚಾಪೆಯ ಮೇಲೆ ಉರುಳಿಕೊಂಡರೆ ಎಬ್ಬಿಸದೆ ಬಿಡುತ್ತೀರಾ?

ಆಮೇಲೆ ತುಯಿ ಎಂಬುವನು ಗೆಳೆಯನಾದ. ಮಕ್ಲಾಯ್ ಕುಂಬಳ, ಮೆಕ್ಕೆಜೋಳದ ಬೀಜ ಹಂಚಿದ. ಒಮ್ಮೆ ತಟ್ಟೆಯಲ್ಲಿ ಸ್ಪಿರಿಟ್ ಹೊತ್ತಿಸಿ ತೋರಿಸಿದಾಗ, ನೀರೇ ಉರಿಯಿತೆಂದುಕೊಂಡ ಜನ, ಇವನು ಸಮುದ್ರಕ್ಕೂ ಬೆಂಕಿಯಿಟ್ಟರೆ ಗತಿಯೇನೆಂದು ಗಾಬರಿಯಾದರು. ಮಕ್ಕಳು ಇಲ್ಲಿ ನಗುತ್ತಾರೆ. ನಾನೂ ನಗುತ್ತೇನೆ, ಆದರೆ ಆ ಆಟ ನನಗೆ ಅಷ್ಟು ಹಿಡಿಸಿಲ್ಲ.

ಅವನು ಎರಡನೆಯ ಸಲ ಬಂದು ಬೊಂಗು ಹಳ್ಳಿಯ ಬಳಿ ನೆಲೆಸಿದ್ದಾಗ, 1877ರಲ್ಲಿ, ಸಾವುಲ್ ಎಂಬ ಹಿರಿಯ ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟ: ಮಕ್ಲಾಯ್, ನೀನೂ ಸಾಯುತ್ತೀಯಾ? ಮಕ್ಲಾಯ್ ಎಂದೂ ಸುಳ್ಳಾಡುವುದಿಲ್ಲವೆಂದು ಊರಿಗೆಲ್ಲ ಹೆಸರು. ಹೌದೆಂದರೆ ಇದುವರೆಗಿನ ಭಯಭಕ್ತಿ ಹೋದೀತು, ಇಲ್ಲವೆಂದರೆ ಸುಳ್ಳಾದೀತು. ಅವನು ಸಾವುಲ್‌ನ ಕೈಗೆ ಈಟಿ ಕೊಟ್ಟ, ನಾಲ್ಕು ಹೆಜ್ಜೆ ಹಿಂದೆ ಸರಿದು ಎದುರಿಗೆ ನಿಂತ. ನೀನೇ ನೋಡು ಎಂದ. ಸಾವುಲ್ ಒಲ್ಲೆನೆಂದ. ಉಳಿದವರು ಅಡ್ಡ ಬಂದು ನಿಂತರು. ಈಟಿ ಕೊಟ್ಟವನ ಎದೆಗಾರಿಕೆಯನ್ನೇನೋ ಎಲ್ಲರೂ ಕೊಂಡಾಡುತ್ತಾರೆ. ಕೇಳಬಾರದ್ದನ್ನು ಕೇಳಿ, ಗೆಳೆಯನೆದುರು ಈಟಿ ಹಿಡಿದು ನಿಲ್ಲಬೇಕಾದ ಸಾವುಲ್‌ನ ಪೇಚು ಮಾತ್ರ ಯಾರಿಗೂ ಬೇಕಿಲ್ಲ.