ತಂತಿಯೊಂದು, ಮಾತು ಹಲವು

ಹಲವರು ಕೂಡಿದ ಸಭೆಯಲ್ಲಿ ಎಲ್ಲರೂ ಒಮ್ಮೆಗೇ ನುಡಿದರೆ ಅದು ಸಂತೆಯಾಗುವುದು. ಯಾರು, ಯಾವಾಗ, ಯಾರನ್ನು ಕುರಿತು ಮಾತನಾಡಬೇಕೆಂಬ ಮರ್ಯಾದೆಯೇ ಸಭೆಯ ಜೀವವು. ಜಡವಾದ ಯಂತ್ರಗಳಿಗೂ ಈ ಮರ್ಯಾದೆಯು ಅವಶ್ಯಕವೆಂಬುದನ್ನು ಕೋಲಾರದ ಚಿನ್ನದ ಸೀಮೆಯವರು ಬಹುಕಾಲದಿಂದ ಬಲ್ಲರು.

ಹಿಂದೆ ಬೌರಿಂಗಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ 1894ರಲ್ಲಿ ರೈಲುದಾರಿಯಾಯಿತು. ಒಂದೇ ಹಳಿಯ ಮೇಲೆ ಒಂದು ಗಾಡಿಯು ದಾರಿಬಿಡುವವರೆಗೆ ಮತ್ತೊಂದು ಕಾಯಲೇಬೇಕು. ಆ ದಾರಿಯು ಮುಟ್ಟುವ ಗಣಿಗಳಲ್ಲಿಯಾದರೋ ನಿಯಮವು ಇನ್ನೂ ಕಠೋರವಾಗಿದ್ದಿತು. ಕೇಜನ್ನು ಏರಿಸಿ ಇಳಿಸುವ ಯಂತ್ರದವನಿಗೆ ಕೆಳಗಿನವರ ಮುಖ ಕಾಣದು, ದನಿ ಕೇಳದು. ಗಂಟೆಯ ಎಣಿಕೆಯೊಂದೇ ಆಧಾರ. ಚಲಿಸುವ ಕೇಜಿಗೆ ಒಂದು ಪೆಟ್ಟೆಂದರೆ ನಿಲ್ಲಿಸು, ಎರಡೆಂದರೆ ಇಳಿಸು, ಮೂರೆಂದರೆ ಮನುಷ್ಯರು ಏರುವರು. ಎಣಿಕೆ ತಪ್ಪಿದರೆ ತಪ್ಪುವುದು ಪ್ರಾಣವೇ.

ಅದೇ ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ 1965ರಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ, ಒಸಾಕ ಸಿಟಿ ಮತ್ತು ಡರ್‍ಹಂ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ವಾಯುಮಂಡಲದ ನ್ಯೂಟ್ರಿನೋಗಳ ಕುರುಹನ್ನು ಕಂಡರು. ಮುಂದೆ 1980ರ ದಶಕದಲ್ಲಿ ಪ್ರೋಟಾನಿನ ಕ್ಷಯವನ್ನು ಅರಸಲು ಅಲ್ಲಿ ಸುಮಾರು 1,600 ನಳಿಗೆಗಳನ್ನು ಹೂಡಿದರು. ಇಷ್ಟು ನಳಿಗೆಗಳ ನುಡಿಯನ್ನು ಕಲಸದೆ ಕೇಳಿಸಿಕೊಳ್ಳುವುದು ಸಾಮಾನ್ಯವೇ? ಉಪಕರಣಕ್ಕೊಂದು ತಂತಿಯೆಂದರೆ ತಂತಿಯ ಕಾಡೇ ಬೆಳೆಯುವುದು.

ಪ್ರಯೋಗಶಾಲೆಯ ಮೇಜಿನ ಮೇಲೆ ಇದಕ್ಕೆ ದೊರೆತ ಪರಿಹಾರಗಳಲ್ಲಿ ಒಂದು ಸೀರಿಯಲ್ ಬಸ್. ಎಲ್ಲರಿಗೂ ಸಮಾನವಾದ ದಾರಿಯೇ ಬಸ್. ಅದರಲ್ಲಿ ಅಂಕಿಗಳು ಒಂದರ ಹಿಂದೊಂದು ಸಾಗುವುದೇ ಸೀರಿಯಲ್. ‘ಸರ’, ‘ರಸ’ ಎಂಬೆರಡು ಪದಗಳಲ್ಲಿ ಅಕ್ಷರಗಳು ಅವೇ, ಅರ್ಥಭೇದವು ಕ್ರಮದಿಂದ. ಇಲ್ಲಿಯೂ ಹಾಗೆಯೇ. ಹಾಲೆಂಡಿನ ಫಿಲಿಪ್ಸ್ ಸಂಸ್ಥೆಯವರು 1982ರಲ್ಲಿ ರೂಪಿಸಿದ ಐ-ಸ್ಕ್ವೇರ್ಡ್-ಸಿ ಪದ್ಧತಿಯಲ್ಲಿ ತಂತಿಗಳು ಎರಡೇ: ಒಂದು ತಾಳವನ್ನು ಹಿಡಿಯುವುದು, ಮತ್ತೊಂದು ಸಾಹಿತ್ಯವನ್ನು ಹೊರುವುದು. ಯಜಮಾನನಾದ ಉಪಕರಣವು ಮೊದಲು ಏಳು ಅಂಕಿಗಳ ಹೆಸರನ್ನು ಕೂಗುವುದು. ಎಂಟನೆಯದು ‘ಹೇಳು’ ಅಥವಾ ‘ಕೇಳು’ ಎಂಬ ಆಜ್ಞೆ. ಆ ಹೆಸರಿನವನು ಒಂಬತ್ತನೆಯ ತಾಳದಲ್ಲಿ ತಂತಿಯನ್ನು ಕೆಳಗೆಳೆದು ‘ಇದ್ದೇನೆ’ ಎನ್ನುವನು. ಮಿಕ್ಕವರು ಮೌನ. ನಿಧಾನಿಯಾದವನು ತಾಳವನ್ನೇ ತುಸು ತಡೆದು ಹಿಡಿಯಬಹುದು. ಸಭೆಯು ಅವನಿಗಾಗಿ ಕಾಯುವುದು.

ಇದರಿಂದ ಪ್ರಯೋಜನವೇನೆಂದರೆ: ಆಸಿಲೋಸ್ಕೋಪಿಗೆ ತೊಡಿಸುವ ಪ್ರೋಬು ಕೆಲವು ವೇಳೆ ವೋಲ್ಟೇಜನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಿ ಕೊಡುವುದು. ಉಪಕರಣಕ್ಕೆ ಈ ಸಂಗತಿ ತಿಳಿಯದಿದ್ದರೆ 230 ವೋಲ್ಟು 23 ಎಂದು ತೋರುವುದು. ಅದನ್ನು ನಂಬಿ ಕೈಯಿಟ್ಟವನ ಗತಿಯೇನು? ಪ್ರೋಬಿನೊಳಗಿನ ಸಣ್ಣ ಸ್ಮೃತಿಕೋಶವು ಬಸ್ಸಿನ ಮೂಲಕ ತನ್ನ ಕುಲಗೋತ್ರವನ್ನು ತಾನೇ ಹೇಳಿಕೊಂಡರೆ ಈ ಅನರ್ಥವು ತಪ್ಪುವುದು.

ಆದರೆ ದೋಷಗಳೂ ಉಂಟು. ಒಂದೇ ಹೆಸರಿನವರು ಇಬ್ಬರಿದ್ದರೆ ಇಬ್ಬರೂ ಓಗೊಡುವರು. ಕೆಟ್ಟ ಅಂಗವೊಂದು ತಂತಿಯನ್ನು ಕೆಳಗೆಳೆದು ಬಿಡದೆ ಹಿಡಿದರೆ ಸಭೆಯೆಲ್ಲವೂ ಮೂಕವಾಗುವುದು. ಆಗ ಒಂದೊಂದನ್ನೇ ಬಿಚ್ಚಿ ಅಪರಾಧಿಯನ್ನು ಹುಡುಕಬೇಕು. ತಂತಿಯು ಉದ್ದವಾದಷ್ಟೂ ಅಕ್ಷರಗಳು ಮಸುಕಾಗುವುವು. ಮೇಜಿಗೆ ಒಪ್ಪಿದ ಬಸ್ಸು ಗಣಿಯ ಆಳಕ್ಕೆ ಒಪ್ಪದು. ದೂರಕ್ಕೆ, ಸುಮಾರು 1,200 ಮೀಟರಿನವರೆಗೆ, ಆರ್‍ಎಸ್-485 ಎಂಬ ಜೋಡಿತಂತಿಯ ಪದ್ಧತಿಯುಂಟು.

2001ರ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಿದುವು. ಕೇಜಿನ ಗಂಟೆಗಳು ನಿಂತುವು. ಆ ಗಂಟೆಗಳು ಕಲಿಸಿದ ಪಾಠವು ಮಾತ್ರ ಮೇಜಿನ ಮೇಲಣ ಎರಡು ಎಳೆಗಳಲ್ಲಿ ಇನ್ನೂ ನಡೆದಿದೆ: ಹೆಸರು ಹಿಡಿದು ಕರೆ, ಸರದಿ ಬಂದಾಗ ನುಡಿ, ಕೇಳಿದೆನೆಂದು ತಿಳಿಸು. ಮನುಷ್ಯರ ಸಭೆಗಳೂ ಇಷ್ಟನ್ನು ಪಾಲಿಸಿದರೆ ಸಾಕು.